ನಾಯಿಗೆ ಕಟಿಂಗ್ ಅಂದ್ರೆ ಶೋಕಿ ಅಲ್ಲ

ನಮ್ಮ ಕಡೆ ನಾಯಿಗೆ ಅನ್ನ ಹಾಕಿದರೆ ಪುಣ್ಯ ಅನ್ನುತ್ತಾರೆ. ಸ್ನಾನ ಮಾಡಿಸಿದರೆ ‘ಪರವಾಗಿಲ್ಲ, ಚೆನ್ನಾಗಿ ಸಾಕಿದ್ದೀರ’ ಅನ್ನುತ್ತಾರೆ. ಅದೇ ನಾಯಿಗೆ ಕಟಿಂಗ್ ಮಾಡಿಸಿದರೆ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ‘ನಾಯಿಗೂ ಕಟಿಂಗಾ? ದುಡ್ಡು ಹೆಚ್ಚಾದ್ರೆ ಹಿಂಗೇ ಕಣವ್ವ ಆಗೋದು’ ಎಂಬ ಮಾತು ಬೋನಸ್ಸು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಎರಡು ವರ್ಷದಿಂದ ಒಂದು ಪುಟ್ಟ ಪೂಡಲ್ ಮಿಶ್ರತಳಿ ನಾಯಿಯನ್ನು ನೋಡಿಕೊಳ್ಳುತ್ತಿರುವ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಗುವವರ ಮೇಲೆ ನನಗೆ ಕೋಪವಿಲ್ಲ. ಅವರು ಕಂಡ ನಾಯಿಗಳಿಗೆಲ್ಲ ಕಟಿಂಗ್ ಬೇಕಿರಲಿಲ್ಲ, ಅಷ್ಟೆ.

ಆದರೆ ಈಗ ನಮ್ಮೂರುಗಳಿಗೆ ಬರುತ್ತಿರುವ ನಾಯಿಗಳು ಬೇರೆ. ಬೆಂಗಳೂರು ಇಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ ಕೊಂಡ ಗುಂಗುರು ಕೂದಲಿನ ಮುದ್ದು ನಾಯಿಗಳು ಇಲ್ಲಿನ ತೋಟದ ಮನೆಗಳಿಗೆ, ನೆಂಟರ ಮನೆಗಳಿಗೆ ಬರುತ್ತಿವೆ. ಅವುಗಳ ಜೊತೆ ಚೈನು ಬರುತ್ತದೆ, ಊಟದ ಬಟ್ಟಲು ಬರುತ್ತದೆ, ಬಾಚಣಿಗೆ ಬರುವುದಿಲ್ಲ. ಈ ಬರಹದ ತಕರಾರು ಅದೇ. ಪೂಡಲ್ ರಕ್ತ ಇರುವ ನಾಯಿಗೆ ಬಾಚಣಿಗೆ ಮತ್ತು ಕತ್ತರಿ ಅಲಂಕಾರವಲ್ಲ, ಊಟ ನೀರಿನಷ್ಟೇ ಅಗತ್ಯ. ಅದನ್ನು ಕೊಡಲು ಆಗದವರು ಆ ನಾಯಿಯನ್ನು ತರಬಾರದು. ಮಾರುವವರು ಅದನ್ನು ಹೇಳದೆ ಮಾರಬಾರದು.

ಮೊದಲು ಆ ಕೂದಲಿನ ಸಮಾಚಾರ ಹೇಳುತ್ತೇನೆ. ನಮ್ಮ ನಾಟಿ ನಾಯಿಯನ್ನೇ ನೋಡಿ, ಇಲ್ಲವೇ ಮುಧೋಳದ ನಾಯಿಯನ್ನು ನೋಡಿ. ಅವುಗಳ ಕೂದಲು ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ, ಹಳೆಯದಾದಾಗ ಉದುರುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು, ಮೈ ಮಿರಮಿರ ಮಿಂಚುತ್ತದೆ. ಪೂಡಲ್ ಕೂದಲು ಹಾಗಲ್ಲ. ಅದು ನಮ್ಮ ತಲೆಗೂದಲಿನ ಹಾಗೆ ಬಹಳ ದಿನ ಬೆಳೆಯುತ್ತಲೇ ಇರುತ್ತದೆ. ಉದುರಿದ ಕೂದಲೂ ನೆಲಕ್ಕೆ ಬೀಳುವುದಿಲ್ಲ. ಪಕ್ಕದ ಗುಂಗುರಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ‘ಕೂದಲು ಉದುರಲ್ಲ, ಮನೆ ಕ್ಲೀನಾಗಿರುತ್ತೆ’ ಎಂದು ಹೇಳಿ ಮಾರುತ್ತಾರಲ್ಲ, ಅದರ ಇನ್ನೊಂದು ಮುಖ ಇದು. ಕಸ ನಿಮ್ಮ ಸೋಫಾದ ಮೇಲೆ ಬೀಳುವ ಬದಲು ನಾಯಿಯ ಮೈಮೇಲೇ ಉಳಿಯುತ್ತದೆ. ಗುಡಿಸುವ ಕೆಲಸ ತಪ್ಪಿದ್ದಲ್ಲ, ಪೊರಕೆಯ ಬದಲು ಬಾಚಣಿಗೆ ಬೇಕು ಅಷ್ಟೆ.

ಇದು ಊಹೆಯ ಮಾತೂ ಅಲ್ಲ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ನಾಯಿಗಳ ಕೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ಮೂರು ಜೀನ್‌ಗಳು ಕಾರಣ ಎಂದು ತೋರಿಸಿತು. ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಇನ್ನೊಂದು ಮುಖದ ಮೇಲಿನ ಮೀಸೆ, ಹುಬ್ಬಿನಂಥ ಒರಟು ಕೂದಲಿಗೆ. ಎರಡು ತಳಿ ಬೆರೆತಾಗ ಈ ಮೂರೂ ಯಾವ ಮರಿಗೆ ಹೇಗೆ ಹಂಚಿಕೆಯಾಗುತ್ತವೆ ಎಂದು ಮುಂಚೆಯೇ ಹೇಳುವುದು ಕಷ್ಟ. ಒಂದೇ ಸೂಲಿನಲ್ಲಿ ಒಂದು ಮರಿಗೆ ಅಲೆಯಲೆ ಕೂದಲು, ಇನ್ನೊಂದಕ್ಕೆ ಕುರಿಯಂಥ ಗುಂಗುರು ಬರಬಹುದು. ಹಾಗಾಗಿ ‘ಇದು ಮಾಲ್ಟಿಪೂ, ಇದರ ಕೂದಲು ರೇಷ್ಮೆ ಥರ ಇರುತ್ತೆ’ ಎಂದು ಎರಡು ತಿಂಗಳ ಮರಿಯನ್ನು ತೋರಿಸಿ ಯಾರಾದರೂ ಮಾತು ಕೊಟ್ಟರೆ ಅದನ್ನು ಪೂರ್ತಿ ನಂಬಬೇಡಿ. ಮರಿಗೂದಲು ಮೆತ್ತಗೇ ಇರುತ್ತದೆ. ಎಂಟು ತಿಂಗಳಿಂದ ಒಂದು ವರ್ಷದ ಒಳಗೆ ದೊಡ್ಡ ನಾಯಿಯ ಕೂದಲು ಬರತೊಡಗುತ್ತದೆ. ಹಳೆಯದೂ ಹೊಸದೂ ಒಂದಕ್ಕೊಂದು ಸುತ್ತಿಕೊಂಡು ಸಿಕ್ಕಾಗುವುದು ಆಗಲೇ ಹೆಚ್ಚು. ಮುದ್ದು ಕಡಿಮೆಯಾಗಿ ಕೆಲಸ ಜಾಸ್ತಿಯಾಗುವ ಕಾಲವೂ ಅದೇ.

ನಮ್ಮ ಮನೆಯ ನಾಯಿಯ ಹೆಸರು ಬೆಣ್ಣೆ. ಪೂಡಲ್ ಮತ್ತು ಮಾಲ್ಟೀಸ್ ಬೆರಕೆ, ಐದು ಕಿಲೋ ತೂಕ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದ ಚಿಕ್ಕಪ್ಪನಿಗೆ ಬೇರೆ ಊರಿಗೆ ವರ್ಗವಾದಾಗ ಅದು ಕಲ್ಯಕ್ಕೆ ಬಂತು. ಮನೆ ಖಾಲಿ ಮಾಡುವ ಗಡಿಬಿಡಿಯ ಆ ಮೂರು ತಿಂಗಳು ಅದನ್ನು ಯಾರೂ ಬಾಚಿರಲಿಲ್ಲ. ಮೇಲಿಂದ ನೋಡಿದರೆ ಗೊಂಬೆಯೇ. ಕೈಯಿಟ್ಟರೆ ಮಾತ್ರ ಕೂದಲಿನ ಬದಲು ಗಟ್ಟಿ ಕಂಬಳಿ ಸಿಗುತ್ತಿತ್ತು. ಎತ್ತಿಕೊಳ್ಳಲು ಕಂಕುಳಿಗೆ ಕೈ ಹಾಕಿದರೆ ಕುಂಯ್ ಎಂದು ಕಚ್ಚಲು ಬರುತ್ತಿತ್ತು. ‘ಪ್ಯಾಟೆ ನಾಯಿಗೆ ಕೊಬ್ಬು’ ಅಂದರು ಎಲ್ಲರೂ. ಪಶುವೈದ್ಯರು ಮೆಷಿನ್ ಹಿಡಿದು ಕೂದಲು ತೆಗೆದಾಗ ಅದು ಉದುರಲಿಲ್ಲ, ಕುರಿಯ ತುಪ್ಪಳದ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಕೆಳಗಿನ ಚರ್ಮ ಕೆಂಪಾಗಿ ಒದ್ದೆಯಾಗಿತ್ತು. ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆಗಳು ಸಾಲಾಗಿ ಕೂತಿದ್ದವು. ಅದು ಕಚ್ಚಲು ಬರುತ್ತಿದ್ದುದು ಕೊಬ್ಬಿನಿಂದಲ್ಲ, ನೋವಿನಿಂದ.

ಆ ನೋವು ಎಂಥದ್ದು ಎಂದು ಹುಡುಗಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಕೂಲಿಗೆ ಹೊರಡುವಾಗ ಅಮ್ಮ ಎಳೆದು ಎಳೆದು ಹಾಕುತ್ತಿದ್ದ ಎರಡು ಜಡೆ ಜ್ಞಾಪಿಸಿಕೊಳ್ಳಿ. ಸಂಜೆ ಬಿಚ್ಚಿದಾಗ ತಲೆಯ ಬುಡವೆಲ್ಲ ಉರಿಯುತ್ತಿತ್ತು. ಆ ಜಡೆ ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕಿವಿಯ ಬುಡದಲ್ಲಿ ಇದ್ದು, ಹೆಜ್ಜೆ ಇಟ್ಟಾಗಲೆಲ್ಲ ಚರ್ಮವನ್ನು ಜಗ್ಗಿದರೆ? ಅದನ್ನು ಯಾರೂ ಬಿಚ್ಚದೇ ಇದ್ದರೆ? ಗಂಟಿನ ಕೆಳಗೆ ಗಾಳಿಯಾಡುವುದಿಲ್ಲ. ಬೆವರಲ್ಲದಿದ್ದರೂ ನೀರು, ಉಚ್ಚೆ, ಜೊಲ್ಲು ಅಲ್ಲೇ ನಿಂತು ಚರ್ಮ ಕೊಳೆಯತೊಡಗುತ್ತದೆ. ಗಂಟು ತೀರಾ ಬಿಗಿಯಾದರೆ ಕಾಲಿನ ರಕ್ತಸಂಚಾರಕ್ಕೇ ತೊಂದರೆಯಾಗುವುದುಂಟು. ‘ನಾಯಿಗೆ ಕಟಿಂಗ್ ಶೋಕಿ’ ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ಕನ್ನಡದಲ್ಲಿ ಉಣ್ಣೆ ಅಂದರೆ ಕುರಿಯ ತುಪ್ಪಳವೂ ಹೌದು, ರಕ್ತ ಹೀರುವ ಹುಳುವೂ ಹೌದು. ಈ ನಾಯಿಗಳ ವಿಷಯದಲ್ಲಿ ಎರಡೂ ಒಂದೇ ಜಾಗದಲ್ಲಿ ಸಿಗುತ್ತವೆ. ನಾಟಿ ನಾಯಿಯ ಮೈಮೇಲಿನ ಉಣ್ಣೆ ಕಣ್ಣಿಗೆ ಕಾಣುತ್ತದೆ, ಕಿತ್ತು ಹಾಕಬಹುದು. ಗಂಟುಗೂದಲಿನೊಳಗೆ ಸೇರಿಕೊಂಡದ್ದು ಕಾಣುವುದೇ ಇಲ್ಲ. ಉಣ್ಣೆಯಿಂದ ಎರ್ಲಿಕಿಯಾ, ಬಬೇಸಿಯಾದಂಥ ಕಾಯಿಲೆಗಳು ಬರುತ್ತವೆ. ನಾಯಿ ಸಾಕಿದವರೆಲ್ಲ ‘ಟಿಕ್ ಫೀವರ್’ ಎನ್ನುವುದು ಇದನ್ನೇ. ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ದಿನಾ ಬಾಚುವಾಗ ಬೆರಳಾಡಿಸಿ ನೋಡುವುದು ಸುಲಭ. ಇಲ್ಲಿ ಇನ್ನೊಂದು ಮಾತು. ದನಕ್ಕೆ ಬಳಿಯುವ ಉಣ್ಣೆ ಔಷಧಿಯನ್ನೇ ಅಂದಾಜಿನ ಮೇಲೆ ನಾಯಿಗೂ ಸುರಿಯುವ ಅಭ್ಯಾಸ ಹಳ್ಳಿಗಳಲ್ಲಿದೆ. ಹಸುವಿನ ತೂಕವೆಲ್ಲಿ, ಐದು ಕಿಲೋ ನಾಯಿಯೆಲ್ಲಿ? ಮೈ ನೆಕ್ಕಿಕೊಂಡರೆ ಅದು ಹೊಟ್ಟೆಗೂ ಹೋಗುತ್ತದೆ. ಸೀಮೆಎಣ್ಣೆಯಂತೂ ಹತ್ತಿರಕ್ಕೂ ತರಬಾರದು. ಔಷಧಿ ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು.

‘ಕಾಡಲ್ಲಿರೋ ತೋಳಕ್ಕೆ ಯಾರವ್ವ ಕಟಿಂಗ್ ಮಾಡ್ತಾರೆ?’ ಎಂದು ನಮ್ಮ ತಾತ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಉತ್ತರವೂ ತಾತನಿಗೇ ಗೊತ್ತಿತ್ತು. ಕುರಿಯ ತುಪ್ಪಳವನ್ನು ಯಾಕೆ ಕತ್ತರಿಸುತ್ತಾರೆ? ಕಂಬಳಿಗೆ ಬೇಕು ಎಂಬುದು ಒಂದು ಕಾರಣವಾದರೆ, ಕತ್ತರಿಸದಿದ್ದರೆ ಉಣ್ಣೆ ಕುರಿಗೇ ಕಷ್ಟ ಎಂಬುದು ಇನ್ನೊಂದು. 2015ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ವರ್ಷಗಟ್ಟಲೆ ಮಂದೆ ತಪ್ಪಿ ಅಲೆದಿದ್ದ ಕುರಿಯೊಂದು ಸಿಕ್ಕಿತು. ಅದಕ್ಕೆ ಕ್ರಿಸ್ ಎಂದು ಹೆಸರಿಟ್ಟರು. ಅದರ ಮೈಯಿಂದ ತೆಗೆದ ಉಣ್ಣೆ 40 ಕಿಲೋಗಿಂತ ಹೆಚ್ಚು ತೂಗಿತು. ಪಾಪ, ನಡೆಯುವುದಕ್ಕೇ ಅದಕ್ಕೆ ಆಗುತ್ತಿರಲಿಲ್ಲ. ಕಾಡು ಕುರಿಗೆ ಈ ಗತಿ ಬರುವುದಿಲ್ಲ. ಅದರ ಕೂದಲು ತಾನೇ ಉದುರುತ್ತದೆ. ಹೆಚ್ಚು ಉಣ್ಣೆ ಬೇಕೆಂದು ಆಯ್ದು ಆಯ್ದು ತಳಿ ಮಾಡಿದವರು ನಾವು, ಅಂದ ಮೇಲೆ ಕತ್ತರಿ ಹಿಡಿಯಬೇಕಾದವರೂ ನಾವೇ. ಪೂಡಲ್ ಕತೆಯೂ ಇದೇ. ತೋಳ ತನ್ನ ಕೂದಲನ್ನು ತಾನೇ ನೋಡಿಕೊಳ್ಳುತ್ತದೆ. ಬೆಣ್ಣೆಯಂಥ ನಾಯಿಗೆ ಆ ಶಕ್ತಿಯನ್ನು ನಾವು ಉಳಿಸಿಲ್ಲ.

ಪೂಡಲ್‌ಗೆ ಕಟಿಂಗ್ ಶುರುವಾದದ್ದೂ ಅಂದಕ್ಕಲ್ಲ. ಆ ಹೆಸರು ಜರ್ಮನ್ ಭಾಷೆಯಿಂದ ಬಂದದ್ದು, ನೀರಲ್ಲಿ ಪಚಪಚ ಆಡುವ ನಾಯಿ ಎಂಬ ಅರ್ಥ ಅದಕ್ಕಿದೆ. ಗುಂಡಿಗೆ ಬಿದ್ದ ಬಾತುಕೋಳಿಯನ್ನು ನೀರಿಗಿಳಿದು ಕಚ್ಚಿ ತರುವ ಬೇಟೆನಾಯಿ ಅದು. ಒದ್ದೆಯಾದ ದಟ್ಟ ಕೂದಲು ಈಜಲು ಭಾರ, ಪೂರ್ತಿ ತೆಗೆದರೆ ಚಳಿ. ಅದಕ್ಕೆ ಹಿಂಭಾಗವನ್ನು ಬೋಳಿಸಿ, ಎದೆ ಮತ್ತು ಕೀಲುಗಳ ಮೇಲಷ್ಟೇ ಕೂದಲು ಬಿಡುತ್ತಿದ್ದರು ಎನ್ನುತ್ತಾರೆ. ಡಾಗ್ ಶೋಗಳಲ್ಲಿ ನಾವು ನೋಡಿ ನಗುವ ‘ಸಿಂಹದ ಕಟ್’ನ ಮೂಲ ಅದು. ಗದ್ದೆಗಿಳಿಯುವವನು ಪಂಚೆ ಎತ್ತಿ ಕಟ್ಟಿದ ಹಾಗೆ, ಕೆಲಸಕ್ಕೆ ತಕ್ಕ ವೇಷ. ಶೋಕಿ ಆಮೇಲೆ ಅಂಟಿಕೊಂಡದ್ದು.

ಮಿಶ್ರತಳಿಯ ಕತೆ ಇನ್ನೂ ಕುತೂಹಲದ್ದು. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬುವರು ಲ್ಯಾಬ್ರಡಾರ್ ಮತ್ತು ಪೂಡಲ್ ಬೆರೆಸಿ ಮರಿ ಮಾಡಿಸಿದರು. ಹವಾಯಿಯಲ್ಲಿದ್ದ ದೃಷ್ಟಿದೋಷದ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಕೂದಲಿನ ಅಲರ್ಜಿಯಿತ್ತು. ಹುಟ್ಟಿದ್ದು ಮೂರು ಮರಿ. ಆ ವ್ಯಕ್ತಿಗೆ ಅಲರ್ಜಿ ಆಗದೇ ಹೊಂದಿಕೊಂಡದ್ದು ಅವುಗಳಲ್ಲಿ ಒಂದು ಮಾತ್ರ. ಅಲ್ಲಿಂದ ಶುರುವಾದ ಹುಚ್ಚು ಲ್ಯಾಬ್ರಡೂಡಲ್, ಕಾಕಪೂ, ಕ್ಯಾವಪೂ, ಮಾಲ್ಟಿಪೂ ಎಂದು ಜಗತ್ತೆಲ್ಲ ಹಬ್ಬಿತು. ದುಡ್ಡಿನಾಸೆಗೆ ಕಂಡ ಕಂಡಂತೆ ಬೆರಕೆ ಮಾಡುವವರು ಹುಟ್ಟಿಕೊಂಡರು. ತಾನು ಶುರುಮಾಡಿದ ಈ ಕೆಲಸದ ಬಗ್ಗೆ ತನಗೆ ವಿಷಾದವಿದೆ ಎಂದು ಕಾನ್ರನ್ 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ಸಂಸ್ಥೆಯ ಪಾಡ್‌ಕಾಸ್ಟಿನಲ್ಲಿ ಹೇಳಿಕೊಂಡರು.

‘ಅಲರ್ಜಿ ಆಗಲ್ಲ’ ಎಂಬ ಮಾತನ್ನೂ ಪರೀಕ್ಷೆಗೆ ಹಚ್ಚಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 2011ರಲ್ಲಿ 173 ಮನೆಗಳ ದೂಳನ್ನು ಪರೀಕ್ಷಿಸಿದರು. ಅಲರ್ಜಿ ತರದ ತಳಿ ಎಂದು ಹೆಸರಾದ ನಾಯಿಗಳಿದ್ದ ಮನೆಗೂ ಉಳಿದ ಮನೆಗಳಿಗೂ ಅಲರ್ಜಿ ಹುಟ್ಟಿಸುವ ವಸ್ತುವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ನೆದರ್‌ಲೆಂಡ್ಸ್‌ನ ಸಂಶೋಧಕರಿಗೆ ಅಂಥ ತಳಿಗಳ ಕೂದಲಿನಲ್ಲೇ ಆ ವಸ್ತು ಹೆಚ್ಚು ಸಿಕ್ಕಿತು. ಕಾರಣ ಸರಳ. ಅಲರ್ಜಿ ಬರುವುದು ಕೂದಲಿನಿಂದಷ್ಟೇ ಅಲ್ಲ, ಚರ್ಮದ ಹೊಟ್ಟಿನಿಂದ, ಜೊಲ್ಲಿನಿಂದ. ಅವು ಎಲ್ಲ ನಾಯಿಗೂ ಇವೆ. ಹೀಗಿದ್ದರೂ ‘ನಾನ್ ಶೆಡ್ಡಿಂಗ್, ನೋ ಅಲರ್ಜಿ’ ಎಂದು ಇನ್‌ಸ್ಟಾಗ್ರಾಂನಲ್ಲಿ ಮರಿಗಳ ಫೋಟೊ ಹಾಕುವುದು ನಿಂತಿಲ್ಲ. ಅಲರ್ಜಿ ಶುರುವಾದ ದಿನ, ಅಥವಾ ಕೂದಲು ಗಂಟಾದ ದಿನ, ನಾಯಿ ‘ಯಾರಾದರೂ ಇಟ್ಕೊಳ್ತೀರಾ’ ಎಂಬ ಪೋಸ್ಟ್ ಆಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ವಿದ್ಯೆಯೇನೂ ಅಲ್ಲ, ಬೇಕಿರುವುದು ಬಿಡದ ಅಭ್ಯಾಸ. ದಿನಕ್ಕೆ ಹತ್ತು ಹದಿನೈದು ನಿಮಿಷ, ಎರಡು ಸಾಮಾನು. ಒಂದು ಸಣ್ಣ ತಂತಿಹಲ್ಲಿನ ಸ್ಲಿಕರ್ ಬ್ರಷ್, ಇನ್ನೊಂದು ಸ್ಟೀಲ್ ಬಾಚಣಿಗೆ. ಬ್ರಷ್ ಒಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ. ಮೇಲಿನ ಕೂದಲು ಹತ್ತಿಯ ಹಾಗೆ ಅರಳುತ್ತದೆ, ಚರ್ಮದ ಹತ್ತಿರ ಗಂಟು ಹಾಗೇ ಇರುತ್ತದೆ. ಕೂದಲನ್ನು ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ಬಿಡಿಸಿ, ಬುಡದಿಂದ ತುದಿಯವರೆಗೆ ಸ್ಟೀಲ್ ಬಾಚಣಿಗೆ ಸಲೀಸಾಗಿ ಹಾದರೆ ಮಾತ್ರ ಪಾಸು. ಕಿವಿಯ ಹಿಂದೆ, ಕಂಕುಳು, ಕತ್ತಿನ ಪಟ್ಟಿಯ ಕೆಳಗೆ, ತೊಡೆಸಂದಿ, ಬಾಲದ ಬುಡ, ಈ ಐದು ಜಾಗ ತಪ್ಪಿಸಬಾರದು.

ಸಿಕ್ಕು ಬಿಡಿಸುವುದನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ರಾಮನಗರ ರೇಷ್ಮೆ ಗೂಡಿನ ಊರು. ನೂಲು ಬಿಚ್ಚುವವರನ್ನು ನೋಡಿ, ಗೂಡನ್ನು ಬಿಸಿನೀರಿಗೆ ಹಾಕಿ ಎಳೆಯ ತುದಿ ಸಿಗುವವರೆಗೆ ಕಾಯುತ್ತಾರೆ. ಜಗ್ಗಿದರೆ ಎಳೆ ಹರಿಯುತ್ತದೆ. ಇಲ್ಲಿಯೂ ಹಾಗೇ. ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಬೇಕು, ಚರ್ಮ ಜಗ್ಗಬಾರದು. ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬುಡದ ಕಡೆಗೆ ಬರಬೇಕು. ಬಿಡಿಸಲಾಗದಷ್ಟು ಗಟ್ಟಿಯಾಗಿದ್ದರೆ ಹಟ ಹಿಡಿದು ಎಳೆಯುವುದು ಹಿಂಸೆ. ಅಂಥ ಗಂಟನ್ನು ಮೆಷಿನ್‌ನಲ್ಲಿ ತೆಗೆಸುವುದೇ ವಾಸಿ. ಕೂದಲು ಮತ್ತೆ ಬರುತ್ತದೆ. ಕತ್ತರಿ ಮಾತ್ರ ಬೇಡವೇ ಬೇಡ. ಗಂಟಿನೊಳಗೆ ಚರ್ಮ ಎಲ್ಲಿ ಎದ್ದು ಕೂತಿದೆ ಎಂದು ಕಾಣುವುದಿಲ್ಲ. ಒಂದು ಕತ್ತರಿಯೇಟಿಗೆ ಹೊಲಿಗೆ ಹಾಕಿಸಬೇಕಾಗುತ್ತದೆ.

ಸ್ನಾನಕ್ಕೆ ಒಂದು ನಿಯಮ: ಮೊದಲು ಬಾಚು, ಆಮೇಲೆ ನೀರು. ಗಂಟಿರುವ ಕೂದಲಿಗೆ ನೀರು ಹಾಕಿ ಉಜ್ಜಿದರೆ ಅದು ಇನ್ನೂ ಬಿಗಿಯಾಗುತ್ತದೆ. ಉಣ್ಣೆಯನ್ನು ಒದ್ದೆ ಮಾಡಿ ಉಜ್ಜಿ ಉಜ್ಜಿ ಗಟ್ಟಿ ಹಾಸು ಮಾಡುವ ವಿಧಾನವೇ ಅದು! ನಾವು ಹಾಕಿಕೊಳ್ಳುವ ಶಾಂಪೂ, ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ, ಅದಕ್ಕೆ ನಾಯಿಯ ಶಾಂಪೂನೇ ಬೇಕು. ತೊಳೆದ ಮೇಲೆ ಶಾಂಪೂ ಉಳಿಯಬಾರದು, ಮೈ ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಹೊರಗೆ ಒಣಗುತ್ತದೆ ಎಂದು ಬಿಟ್ಟರೆ ಬುಡದಲ್ಲಿ ತೇವ ಉಳಿದು ವಾಸನೆ, ತುರಿಕೆ ಶುರು. ಟವೆಲ್‌ನಲ್ಲಿ ಉಜ್ಜದೆ ಒತ್ತಿ ನೀರು ತೆಗೆದು, ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿಟ್ಟು ಬಾಚುತ್ತಾ ಒಣಗಿಸಬೇಕು.

ಇನ್ನು ಕಟಿಂಗ್. ಆರರಿಂದ ಎಂಟು ವಾರಕ್ಕೊಮ್ಮೆ ಬೇಕಾಗುತ್ತದೆ. ಹಳ್ಳಿಯಲ್ಲಿರುವ ನಾಯಿಗೆ ಉದ್ದ ಕೂದಲು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಲದ ಬದುವಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಉತ್ತರಾಣಿ ಕಡ್ಡಿಯ ಬೀಜ ಮೈತುಂಬ ಮೆತ್ತಿಕೊಂಡಿರುತ್ತದೆ. ಪಾದದ ಸಂದಿಯಲ್ಲಿ ನೆಗ್ಗಿಲು ಮುಳ್ಳು. ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಮೈಯೆಲ್ಲ ಒಂದೇ ಸಮ ಬಿಟ್ಟು, ಪಾದದಡಿಯ, ಗುದದ ಸುತ್ತಿನ, ಕಣ್ಣಿಗೆ ಅಡ್ಡ ಬರುವ ಕೂದಲನ್ನು ಚಿಕ್ಕದಾಗಿ ತೆಗೆದರೆ ನಾಯಿಗೂ ಸುಖ, ನಮಗೂ ಸುಖ. ಬೋಳು ಬೋಳು ಮಾಡುವುದೂ ಸರಿಯಲ್ಲ. ಬಿಸಿಲಿಗೆ ಚರ್ಮ ಸುಡುತ್ತದೆ, ಸೊಳ್ಳೆ ಕಚ್ಚುತ್ತದೆ. ಮೆಷಿನ್ ಓಡುತ್ತಾ ಓಡುತ್ತಾ ಬ್ಲೇಡ್ ಕಾಯುತ್ತದೆ, ಆಗಾಗ ನಿಲ್ಲಿಸಿ ಮೊಣಕೈಗೆ ಮುಟ್ಟಿಸಿ ನೋಡಬೇಕು. ಮರಿಯಾಗಿದ್ದಾಗಲೇ ಮೆಷಿನ್ ಸದ್ದು, ಪಾದ ಹಿಡಿಸಿಕೊಳ್ಳುವುದು, ಕಿವಿ ನೋಡಿಸಿಕೊಳ್ಳುವುದು ರೂಢಿಯಾದರೆ ಮುಂದೆ ಜಗಳವಿಲ್ಲ.

ಇದನ್ನು ಓದಿ ಯಾರೂ ಹೋಗಿ ಪಾಮೇರಿಯನ್ ನಾಯಿಯನ್ನು ಬೋಳಿಸಬೇಡಿ, ದಯವಿಟ್ಟು. ನಮ್ಮ ಕಡೆ ಮನೆಮನೆಯಲ್ಲಿದ್ದ ಆ ಬಿಳಿ ನಾಯಿಗೆ, ಗೋಲ್ಡನ್ ರಿಟ್ರೀವರ್‌ಗೆ, ಹಸ್ಕಿಗೆ ಇರುವುದು ಎರಡು ಪದರದ ಕೂದಲು. ಬೇಸಿಗೆ ಬಂತು ಎಂದು ಬೋಳಿಸಿದರೆ ಕೆಲವಕ್ಕೆ ತಿಂಗಳಾದರೂ ಸರಿಯಾಗಿ ಕೂದಲು ಬರುವುದಿಲ್ಲ, ತೇಪೆ ತೇಪೆಯಾಗಿ ನಿಲ್ಲುತ್ತದೆ. ಅವುಗಳಿಗೆ ಬೇಕಿರುವುದು ಬಾಚಿ ಒಳಪದರದ ಸತ್ತ ಕೂದಲನ್ನು ತೆಗೆಯುವುದು, ನೆರಳು, ನೀರು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದಲ್ಲಿ ಮಾತ್ರ, ತಂಪಾಗುವುದು ನಾಲಗೆ ಚಾಚಿ ಏದುಸಿರು ಬಿಟ್ಟು. ಒಂದು ನಾಯಿಗೆ ಉಪಕಾರವಾದದ್ದು ಇನ್ನೊಂದಕ್ಕೆ ಅಪಕಾರ. ಅದಕ್ಕೇ ಕೂದಲು ನೋಡಿ ಕತ್ತರಿ ಹಿಡಿಯಬೇಕು.

ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಬೆಣ್ಣೆಗೆ ಒಂದು ಕಟಿಂಗ್‌ಗೆ ನಾವು ಕೊಟ್ಟಿದ್ದು 1,500 ರೂಪಾಯಿ. ವರ್ಷಕ್ಕೆ ಏಳು ಸಲ ಅಂದರೆ 10,500, ಹೋಗಿಬರುವ ಖರ್ಚು ಬೇರೆ. ರಾಗಿ, ರೇಷ್ಮೆ, ಹಾಲು ನೆಚ್ಚಿಕೊಂಡ ಮನೆಗೆ ಇದು ಚಿಕ್ಕ ಮೊತ್ತವಲ್ಲ. ‘ಮಕ್ಕಳ ಫೀಸಿಗೇ ಪರದಾಡುವ ಊರಲ್ಲಿ ನಾಯಿಗೆ ಇಷ್ಟು ಸುರಿಯೋದು ನ್ಯಾಯವಾ?’ ಎಂದು ಅಮ್ಮ ಕೇಳಿದ್ದು ಸರಿಯಾಗಿಯೇ ಇದೆ. ಅದಕ್ಕೆ ನಾವು ಒಂದು ಮೆಷಿನ್ ಕೊಂಡೆವು. ಈಗ ವರ್ಷಕ್ಕೆ ಎರಡು ಸಲ ಮಾತ್ರ ಗ್ರೂಮರ್ ಹತ್ತಿರ, ಉಳಿದದ್ದು ನಮ್ಮ ಜಗಲಿಯಲ್ಲಿ. ಆದರೆ ಅಮ್ಮನ ಪ್ರಶ್ನೆಯ ನಿಜವಾದ ಉತ್ತರ ಬೇರೆ. ಖರ್ಚು ಹೆಚ್ಚು ಎಂಬುದು ಕಟಿಂಗ್ ನಿಲ್ಲಿಸಲು ಕಾರಣವಲ್ಲ, ಆ ನಾಯಿಯನ್ನು ಕೊಳ್ಳದಿರಲು ಕಾರಣ. ಹಸು ತಂದ ಮೇಲೆ ಹುಲ್ಲು ದುಬಾರಿ ಎಂದು ಯಾರಾದರೂ ಹಾಕದೆ ಬಿಡುತ್ತಾರಾ?

ಇನ್ನೊಂದು ಸೂಕ್ಷ್ಮ ವಿಷಯವಿದೆ. ‘ನಮ್ಮೂರ ಕಟಿಂಗ್ ಶಾಪ್‌ಗೇ ಕರ್ಕೊಂಡೋಗು’ ಎಂದು ಹುಡುಗರು ಆಡಿಕೊಳ್ಳುತ್ತಾರೆ. ಆ ಜೋಕು ನಾಯಿಯ ಮೇಲಲ್ಲ, ಕತ್ತರಿ ಹಿಡಿದು ಬದುಕುವವರ ಮೇಲೆ. ಮನುಷ್ಯರಿಗೆ ಬಳಸುವ ಸಾಮಾನನ್ನು ನಾಯಿಗೆ ಬಳಸಬಾರದು ಎಂಬುದು ಆರೋಗ್ಯದ ಮಾತು, ಹುಳುಕಡ್ಡಿಯಂಥ ಚರ್ಮರೋಗ ನಾಯಿಯಿಂದ ಮನುಷ್ಯರಿಗೂ ಹರಡುತ್ತದೆ. ಆದರೆ ಕೂದಲು ಕತ್ತರಿಸುವ ಕೆಲಸವೇ ಕೀಳು ಎಂಬ ನಗು ಅದರೊಳಗಿದ್ದರೆ ಅದನ್ನು ಒಪ್ಪಲಾರೆ. ಬಸವಣ್ಣನ ಕತೆಯನ್ನು ತೆಲುಗಿನಲ್ಲಿ ಹಾಡಿದ ಪಾಲ್ಕುರಿಕೆ ಸೋಮನಾಥ ಐಕ್ಯವಾದ ಊರು ಎಂದು ಹೆಮ್ಮೆಪಡುವವರು ನಾವು, ಕಲ್ಯದವರು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದ ಶರಣರ ನೆನಪಿರುವ ಊರಲ್ಲಿ ಕತ್ತರಿ ನಗೆಯ ವಸ್ತುವಾಗಬಾರದು. ಅಂಜಿದ ನಾಯಿಯನ್ನು ಮಾತಿನಲ್ಲೇ ಸಮಾಧಾನ ಮಾಡಿ, ಗಾಯವಾಗದಂತೆ ಮೆಷಿನ್ ಆಡಿಸುವುದು ಒಳ್ಳೆಯ ಕಸುಬು. ಕೋಳಿ, ಕುರಿ ಸಾಕಣೆಯ ತರಬೇತಿ ಕೊಡುವಂತೆ ಇದಕ್ಕೂ ನಮ್ಮ ತಾಲ್ಲೂಕು ಮಟ್ಟದಲ್ಲಿ ಒಂದು ಚಿಕ್ಕ ತರಬೇತಿ ಸಿಕ್ಕರೆ, ಕೆಲಸ ಹುಡುಕಿಕೊಂಡು ದಿನಾ ಬೆಂಗಳೂರಿನ ಬಸ್ ಹತ್ತುವ ಎಷ್ಟೋ ಹುಡುಗ ಹುಡುಗಿಯರಿಗೆ ದಾರಿಯಾದೀತು.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ನೋವು ಪಡುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು ಅಪರಾಧ. ಮೊದಲ ಸಲ ಮಾಡಿದರೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಮಾಗಡಿಯಲ್ಲಿ ಒಂದು ಮಸಾಲೆ ದೋಸೆಯ ದುಡ್ಡು. 2017ರಲ್ಲಿ ಬಂದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಮೊಬೈಲ್‌ನಲ್ಲಿ ಫೋಟೊ ಕಳಿಸಿ, ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಕೈಗಿಡುವವರಲ್ಲಿ ನೋಂದಣಿ ಎಲ್ಲಿದೆ ಎಂದು ನಾವು ಯಾರೂ ಕೇಳುವುದಿಲ್ಲ. ಕೇಳಬೇಕು. ಮರಿಯ ಜೊತೆ ಲಸಿಕೆಯ ಕಾರ್ಡ್ ಕೊಡುವ ಹಾಗೆ, ಈ ಕೂದಲಿಗೆ ಏನೇನು ಮಾಡಬೇಕು, ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವುದನ್ನೂ ಕಡ್ಡಾಯ ಮಾಡಬೇಕು. ಒಂದು ಹಾಳೆಗೆ ಎಷ್ಟು ಖರ್ಚಾದೀತು?

ನನ್ನ ವಯಸ್ಸಿನವರಿಗೆ ಒಂದು ಕೋರಿಕೆ. ರೀಲ್ಸ್‌ನಲ್ಲಿ ಟೆಡ್ಡಿಬೇರ್‌ನಂಥ ನಾಯಿ ಕಂಡು ಮನಸ್ಸು ಕರಗಿದಾಗ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಪರೀಕ್ಷೆಯ ದಿನವೂ, ಹಬ್ಬದ ದಿನವೂ ಇದನ್ನು ಬಾಚುವವರು ಯಾರು? ನಾನು ಕೆಲಸ ಸಿಕ್ಕಿ ಹಾಸ್ಟೆಲ್ಲಿಗೋ ಪಿ.ಜಿ.ಗೋ ಹೋದರೆ ಆ ಕೆಲಸ ಅಮ್ಮನ ತಲೆಗೆ ಬೀಳುತ್ತದಾ? ಎರಡು ತಿಂಗಳಿಗೊಮ್ಮೆ ಕಟಿಂಗ್‌ಗೆ ದುಡ್ಡೋ ಸಮಯವೋ ಇದೆಯಾ? ಇದು ಹನ್ನೆರಡು ಹದಿಮೂರು ವರ್ಷ ಬದುಕುವ ಪ್ರಾಣಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಾ? ಒಂದಕ್ಕಾದರೂ ಉತ್ತರ ಸಿಗದಿದ್ದರೆ ಬೀದಿಯಲ್ಲಿರುವ ನಾಟಿ ಮರಿಯೊಂದನ್ನು ಮನೆಗೆ ತನ್ನಿ. ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ, ವಾರಕ್ಕೊಮ್ಮೆ ಬ್ರಷ್ ಆಡಿಸಿ. ಪ್ರೀತಿಗೇನೂ ಕಡಿಮೆಯಾಗುವುದಿಲ್ಲ.

ಪಕ್ಕದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಚೆಂದದ ಗೊಂಬೆಗಳು ಸಿಗುತ್ತವೆ. ಷೋಕೇಸಿನಲ್ಲಿಟ್ಟು ಹಬ್ಬಕ್ಕೊಮ್ಮೆ ದೂಳು ಒರೆಸಿದರೆ ವರ್ಷಾನುಗಟ್ಟಲೆ ಹಾಗೇ ಇರುತ್ತವೆ. ನೋಡಿ ಸಂತೋಷಪಡುವುದಷ್ಟೇ ಬೇಕಾದವರಿಗೆ ಅವು ಸಾಕು. ಪೂಡಲ್ ಮಿಶ್ರತಳಿ ನೋಡಲು ಗೊಂಬೆಯಂತಿದೆ, ಆದರೆ ಅದರ ಮೈಮೇಲೆ ದಿನಾ ಕೂದಲು ಬೆಳೆಯುತ್ತಿರುತ್ತದೆ, ಅದರ ಕೆಳಗೆ ನೋಯುವ ಚರ್ಮವಿದೆ. ಅದನ್ನು ಮನೆಗೆ ತರುವವರು ಬಾಚಣಿಗೆ ಮೊದಲು ತರಲಿ, ನಾಯಿ ಆಮೇಲೆ.